ಸುಮ್ನ ಕುಂದ್ರಾಕ ರೊಕ್ಕ ಯಾಕ ಕೊಡಬೇಕು?

ಡಿಸೆಂಬರ್ ಹತ್ತಿರ ಬಂತು ಅಂದ್ರೆ ಆಫೀಸಿನ ಊಟದ ಟೇಬಲ್ಲಿನ ಮಾತು ದ್ವೀಪಗಳ ಕಡೆ ಹೊರಳುತ್ತೆ. ಒಬ್ಬರಿಗೆ ಮಾಲ್ಡೀವ್ಸ್, ಒಬ್ಬರಿಗೆ ಫುಕೆಟ್, ಇನ್ನೊಬ್ಬರಿಗೆ ಅಂಡಮಾನ್. ಗಂಡ-ಹೆಂಡತಿ ಇಬ್ಬರೇ ಹೋಗೋದಾದ್ರೆ ಲೆಕ್ಕ ಸುಲಭ. ಆದರೆ ಊರಲ್ಲಿ ಹೊಲ-ಮನೆ ನೋಡಿಕೊಂಡಿರುವ ಅಪ್ಪ-ಅವ್ವನನ್ನೂ, ತಂಗಿಯ ಮಗುವನ್ನೂ ಕರೆದುಕೊಂಡು ಹೋಗಬೇಕು ಅನ್ನೋರು ಫೋನಿನಲ್ಲಿ ನಾಲ್ಕು ಪದ ಹಾಕಿ ಹುಡುಕುತ್ತೀವಿ: ದ್ವೀಪ, ಶಾಂತ, ಫ್ಯಾಮಿಲಿ, ಕಡಿಮೆ ಬೆಲೆ.

ಈ ನಾಲ್ಕೂ ಒಂದೇ ಜಾಗದಲ್ಲಿ ಸಿಗೋದು ಕಷ್ಟ. ಶಾಂತವಾಗಿದ್ದಲ್ಲಿ ಬೆಲೆ ಏರಿರುತ್ತೆ. ಬೆಲೆ ಇಳಿದಿದ್ದಲ್ಲಿ ರಾತ್ರಿ ಹನ್ನೆರಡರವರೆಗೆ ಡಿಜೆ. ದ್ವೀಪ ಅಂದ ಮೇಲೆ ಮೊಣಕಾಲು ನೋವಿನವರೂ ದೋಣಿ ಹತ್ತಬೇಕು. ಹಾಗಾದರೆ ಯಾವ ಪದ ಹಿಡಿದುಕೊಳ್ಳೋದು, ಯಾವುದು ಬಿಡೋದು? ಕಳೆದ ಡಿಸೆಂಬರಿನಲ್ಲಿ ಮೈಲಾರದಿಂದ ಮನೆಮಂದಿಯನ್ನೆಲ್ಲ ಕರಾವಳಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ನನಗೆ ಅನ್ನಿಸಿದ್ದನ್ನು ಈ ಸಲ ಬರೀತಿದೀನಿ.

ಬೆಂಗಳೂರಿಗಿಂತ ಸಮುದ್ರ ಹತ್ತಿರ

ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆಯವರು ಒಮ್ಮೆ ಮ್ಯಾಪ್ ತೆಗೆದು ನೋಡಿ. ಮೈಲಾರದಿಂದ ರಾಣೆಬೆನ್ನೂರು, ಹಾವೇರಿ, ಶಿರಸಿ ದಾಟಿ ಘಟ್ಟ ಇಳಿದರೆ ಕುಮಟಾ. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಆದರೂ ಮಗನ ಮನೆ ಅಂತ, ಆಸ್ಪತ್ರೆ ಅಂತ ಹತ್ತಾರು ಸಲ ಬೆಂಗಳೂರು ನೋಡಿದ ನಮ್ಮ ಹಿರಿಯರಲ್ಲಿ ಸಮುದ್ರ ನೋಡದವರು ಎಷ್ಟೋ ಜನ. ನಮ್ಮವ್ವ ಅವರಲ್ಲಿ ಒಬ್ಬರಾಗಿದ್ದರು.

ನೀರು ನಮಗೆ ಹೊಸದೇನಲ್ಲ. ತುಂಗಭದ್ರೆ ಪಕ್ಕದಲ್ಲೇ ಹರೀತಾಳೆ. ನಮ್ಮ ತಾಲೂಕಿನ ಹೆಸರಲ್ಲೇ ಹಡಗು ಇದೆ. ಇಲ್ಲಿಂದ ವಿಜಯನಗರಕ್ಕೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಅಂತ ಹಿರಿಯರು ಹೇಳ್ತಾರೆ. ಕುರುವ ಅಂದ್ರೆ ಹಳೆಗನ್ನಡದಿಂದ ಬಂದ ಮಾತು, ನಡುಗಡ್ಡೆ ಅಂತ ಅರ್ಥ. ನಮ್ಮ ಪಕ್ಕದ ಕುರುವತ್ತಿಯ ಹೆಸರು ಕೇಳುತ್ತಾ ಬೆಳೆದವರಿಗೆ ಉತ್ತರ ಕನ್ನಡದ ಬೋರ್ಡುಗಳು ಪರಿಚಿತ ಅನ್ನಿಸುತ್ತವೆ: ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ. ಉಡುಪಿ ಕಡೆ ಹೋದರೆ ಅದೇ ಕುದ್ರು ಆಗುತ್ತೆ. ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಅಂಥದ್ದೊಂದು.

ಯಾವ ದ್ವೀಪದಲ್ಲಿ ಉಳಿಯಬಹುದು?

ಕರ್ನಾಟಕದ ದ್ವೀಪ ಅಂದ ಕೂಡಲೇ ನೆನಪಾಗೋದು ಮಲ್ಪೆಯ ಸೇಂಟ್ ಮೇರೀಸ್. ಅಲ್ಲಿ ರಾತ್ರಿ ತಂಗೋಕೆ ಆಗಲ್ಲ, ಹಗಲು ಹೋಗಿ ಸಂಜೆಯೊಳಗೆ ವಾಪಸ್. ಮುರುಡೇಶ್ವರದ ಆಚೆ ಇರುವ ನೇತ್ರಾಣಿ ಸ್ಕೂಬಾ ಡೈವಿಂಗ್ ಮಾಡೋರಿಗೆ, ಅದೂ ಹಗಲಿನ ಪ್ರವಾಸವೇ. ಕಾರವಾರದ ಎದುರಿನ ಅಂಜದೀವ್ ನೌಕಾಪಡೆಯ ಸುಪರ್ದಿಯಲ್ಲಿದೆ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಖರ್ಚೂ ಹೆಚ್ಚು.

ಹಾಗಾಗಿ ನಮ್ಮಲ್ಲಿ ‘ಐಲ್ಯಾಂಡ್ ಸ್ಟೇ’ ಅಂತ ಸಿಗೋದು ಹೆಚ್ಚಾಗಿ ಎರಡು ಥರ.

ಒಂದು, ಕಾರವಾರದ ದೇವಬಾಗ್ ಥರದ್ದು. ಕಾಳಿ ನದಿ ಸಮುದ್ರ ಸೇರುವ ಜಾಗದ ಉತ್ತರ ದಡದಲ್ಲಿ ಗಾಳಿಮರಗಳ ತೋಪು, ಎದುರಿಗೆ ಉದ್ದನೆಯ ಬೀಚು. 1980ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ರೆಸಾರ್ಟ್ ಇರೋದು ಇಲ್ಲೇ. ದೋಣಿಯಲ್ಲಿ ದಾಟಿ ಹೋಗೋದರಿಂದ ಜನ ಇದನ್ನ ದ್ವೀಪ ಅಂತಾರೆ. ಭೂಗೋಳದ ಲೆಕ್ಕದಲ್ಲಿ ಅದು ನದಿಗೂ ಸಮುದ್ರಕ್ಕೂ ನಡುವೆ ಚಾಚಿದ ಮರಳುದಿಬ್ಬ. ಆದರೆ ಕೊನೆಯ ದೋಣಿ ಹೋದ ಮೇಲೆ ಉಳಿಯುವ ಶಾಂತಿ ಮಾತ್ರ ದ್ವೀಪದ್ದೇ.

ಎರಡನೆಯದು ನದಿ ಅಳಿವೆಗಳ ಕುರ್ವೆ, ಕುದ್ರುಗಳು. ಇಲ್ಲಿ ರೆಸಾರ್ಟಿಗಿಂತ ಹೋಮ್‌ಸ್ಟೇಗಳೇ ನಮ್ಮಂಥವರಿಗೆ ಅನುಕೂಲ. ಮನೆಯವರೂ ಅಲ್ಲೇ ಇರ್ತಾರೆ, ಅವರು ಉಣ್ಣೋದನ್ನೇ ನಮಗೂ ಬಡಿಸ್ತಾರೆ. ಸಮುದ್ರಕ್ಕೆ ದೋಣಿಯಲ್ಲೋ ಆಟೋದಲ್ಲೋ ಸ್ವಲ್ಪ ಹೊತ್ತಿನ ದಾರಿ. ನಾವು ಉಳಿದಿದ್ದು ಅಘನಾಶಿನಿ ಅಳಿವೆಯ ಇಂಥದೇ ಒಂದು ಮನೆಯಲ್ಲಿ, ಎರಡು ರಾತ್ರಿ.

ಎಮ್ಮೆ ಹಿಂಡೋರು ಯಾರು?

ಬೆಲೆಯ ಲೆಕ್ಕಕ್ಕೆ ಬರೋಣ. ರೂಮಿನ ರೇಟು ನೋಡಿ ಅಗ್ಗ, ತುಟ್ಟಿ ಅಂತ ತೀರ್ಮಾನಿಸೋದು ದ್ವೀಪದಲ್ಲಿ ನಡೆಯಲ್ಲ. ಅಲ್ಲಿ ಎದುರಿಗೆ ಇನ್ನೊಂದು ಹೋಟೆಲ್ ಇರಲ್ಲ. ಚಹಾ, ನೀರಿನ ಬಾಟಲಿ, ಮಗುವಿಗೆ ಬಿಸ್ಕತ್ತು ಎಲ್ಲವೂ ಅವರು ಹೇಳಿದ್ದೇ ರೇಟು. ದೋಣಿಯ ಬಾಡಿಗೆ ಬೇರೆ. ಆದ್ದರಿಂದ ಊಟ, ದೋಣಿ ಸೇರಿಸಿ ತಲೆಗೆ ಇಷ್ಟು ಅಂತ ಹೇಳುವ ಕಡೆ ಮೊದಲ ನೋಟಕ್ಕೆ ಜಾಸ್ತಿ ಅನ್ನಿಸಿದರೂ ಕೊನೆಗೆ ಬಿಲ್ ನೋಡಿ ಗಾಬರಿ ಆಗಲ್ಲ. ಐದು ಜನ ಹೋಗ್ತೀರಿ ಅಂದ್ರೆ ‘ತಲೆಗೆ’ ಮತ್ತು ‘ರೂಮಿಗೆ’ ಎರಡೂ ಲೆಕ್ಕ ಕೇಳಿ, ಮಗುವಿಗೆ ಎಷ್ಟು ಅಂತಲೂ ಕೇಳಿ, ಆಮೇಲೆ ಹೋಲಿಸಿ.

ಮೊದಲೇ ದುಡ್ಡು ಕಟ್ಟಿ ಮುಗಿಸೋದರಲ್ಲಿ ಇನ್ನೊಂದು ಲಾಭ ಇದೆ, ಅದು ಯಾವ ಆಪ್‌ನಲ್ಲೂ ಕಾಣಲ್ಲ. ಮೆನು ಕಾರ್ಡಿನಲ್ಲಿ ಚಹಾದ ರೇಟು ನೋಡಿದ ಕೂಡಲೇ ನಮ್ಮಪ್ಪನಿಗೆ ಚಹಾ ಬೇಡವಾಗುತ್ತೆ. ‘ಹಸಿವಿಲ್ಲಪಾ, ನೀವು ಉಣ್ರಿ’ ಅಂತಾರೆ. ‘ಎಲ್ಲಾ ಕೊಟ್ಟಾಗೈತಿ, ಬಿಟ್ರ ಹಾಳು’ ಅಂದರೆ ಮಾತ್ರ ಹೊಟ್ಟೆ ತುಂಬ ಉಣ್ತಾರೆ. ಬೆಲೆ ಕಣ್ಣಿಗೆ ಬೀಳದ ಜಾಗವೇ ಅವರಿಗೆ ಒಳ್ಳೆಯ ಬೆಲೆಯ ಜಾಗ.

ಇನ್ನು ಬಜೆಟ್ಟಿನ ಮೊದಲ ಸಾಲು ಹೋಟೆಲ್ಲೂ ಅಲ್ಲ, ಕಾರೂ ಅಲ್ಲ. ಎಮ್ಮೆ. ‘ಎರಡು ದಿನ ಹಿಂಡೋರು ಯಾರು, ಮೇವು ಹಾಕೋರು ಯಾರು’ ಅನ್ನೋ ಪ್ರಶ್ನೆಗೆ ಉತ್ತರ ಸಿಗದೆ ನಮ್ಮ ಕಡೆ ಎಷ್ಟು ಟ್ರಿಪ್‌ಗಳು ನಿಂತಿವೆಯೋ ಲೆಕ್ಕವಿಲ್ಲ. ಪಕ್ಕದ ಮನೆಯವರಿಗೋ ಗೊತ್ತಿರುವ ಹುಡುಗನಿಗೋ ಮುಂಚೆಯೇ ಹೇಳಿ, ಕೂಲಿ ಗೊತ್ತುಮಾಡಿ. ಅದನ್ನೂ ಪ್ರವಾಸದ ಖರ್ಚಿಗೇ ಬರೆದುಕೊಳ್ಳಿ. ಕಾಲವೂ ಅವರ ಹೊಲ ನೋಡಿಯೇ ಗೊತ್ತಾಗಬೇಕು. ಮೆಕ್ಕೆಜೋಳ ಮನೆಗೆ ಬಂದು, ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ನಿಂತಿರುವ ಡಿಸೆಂಬರ್, ಜನವರಿ ಒಂದು ಸಂದು. ಫೆಬ್ರವರಿ ಬಂದರೆ ಭರತ ಹುಣ್ಣಿಮೆ, ಮೈಲಾರದ ಜಾತ್ರೆ. ಆಗ ಮನೆ ತುಂಬ ಬೀಗರು, ಯಾರೂ ಹೊರಗೆ ಕಾಲಿಡಲ್ಲ.

ಮೌನ ಯಾರಿಗೆ ಬೇಕು?

ಮೈಲಾರದ ಕಾರ್ಣಿಕ ನೋಡಿದವರಿಗೆ ಗೊತ್ತು. ಡೆಂಕನಮರಡಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಜನ. ಡಮರುಗ, ಏಳುಕೋಟಿ ಕೂಗು, ದೂಳು. ಗೊರವಪ್ಪ ಬಿಲ್ಲನ್ನೇರಿ ‘ಸದ್ದಲೇ’ ಅಂದ ಕೂಡಲೇ ಆ ಲಕ್ಷಗಟ್ಟಲೆ ಜನ ತಟ್ಟನೆ ಸುಮ್ಮನಾಗ್ತಾರೆ. ಒಂದು ಸಾಲಿನ ನುಡಿ ಬೀಳುತ್ತೆ, ಮತ್ತೆ ಗದ್ದಲ. ನಮ್ಮ ಊರಿನ ಮೌನ ಅಂದ್ರೆ ಅದು: ಏನೋ ಕೇಳಿಸಿಕೊಳ್ಳೋಕೆ ಅಂತ ಎಲ್ಲರೂ ಸೇರಿ ಹಿಡಿಯುವ ಉಸಿರು.

ನಾವು ಬೆಂಗಳೂರಿನಲ್ಲಿ ಬಯಸುವ ಮೌನ ಬೇರೆ. ದಿನಕ್ಕೆ ಆರು ಕಾಲ್, ನೂರು ಮೆಸೇಜು, ರಸ್ತೆಯ ಹಾರ್ನು. ನಮಗೆ ಯಾರೂ ಮಾತಾಡಿಸದ ಜಾಗ ಬೇಕು, ಅದಕ್ಕೆ ದುಡ್ಡು ಕೊಡೋಕೂ ತಯಾರು. ಅಪ್ಪ-ಅವ್ವನಿಗೆ ಹೀಗಲ್ಲ. ಹೊಲದಲ್ಲಿ ದಿನವಿಡೀ ಅವರದು ಮೌನವೇ. ಮಕ್ಕಳೆಲ್ಲ ಊರು ಬಿಟ್ಟ ಮೇಲೆ ಸಂಜೆ ಮನೆಯಲ್ಲೂ ಮೌನವೇ. ಅದನ್ನೇ ದುಡ್ಡು ಕೊಟ್ಟು ಕೊಂಡುಕೊಳ್ಳೋಣ ಬನ್ನಿ ಅಂದರೆ ಅವರಿಗೆ ಹೇಗನ್ನಿಸಬೇಡ? ಬುಕ್ ಮಾಡಿದ ದಿನ ಅವ್ವ ಫೋನಿನಲ್ಲಿ ಕೇಳಿದ್ದು ಅದನ್ನೇ. ‘ಅಲ್ಲಿ ಗುಡಿ ಐತೇನು? ಇಲ್ಲಾ? ಮತ್ತ ಸುಮ್ನ ಕುಂದ್ರಾಕ ರೊಕ್ಕ ಯಾಕ ಕೊಡಬೇಕು?’

ಕಾರವಾರಕ್ಕೇ ಸೇರಿದ ಒಂದು ವಿಷಯ ಇಲ್ಲಿ ನೆನಪಾಗುತ್ತೆ. 1880ರ ದಶಕದ ಆರಂಭದಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. ಒಂದು ಥರದ ಫ್ಯಾಮಿಲಿ ಟ್ರಿಪ್ಪೇ ಅದು. ಅಲ್ಲಿ ಬರೆದ ‘ಪ್ರಕೃತಿರ್ ಪ್ರತಿಶೋಧ್’ ನಾಟಕದಲ್ಲಿ ಎಲ್ಲ ನಂಟು ಕಡಿದುಕೊಂಡು ಏಕಾಂತಕ್ಕೆ ಹೋದ ಸನ್ಯಾಸಿಯೊಬ್ಬನನ್ನು ಒಬ್ಬ ಪುಟ್ಟ ಹುಡುಗಿ ಮತ್ತೆ ಮನುಷ್ಯರ ನಡುವೆ ಎಳೆದು ತರುತ್ತಾಳೆ. ಸಮುದ್ರದ ಎದುರು ಕೂತವರಿಗೆ ಬೇಕಾಗೋದು ಬರೀ ಏಕಾಂತವಲ್ಲ ಅನ್ನೋದು ಅವರಿಗೆ ಇಪ್ಪತ್ತು ದಾಟಿದಾಗಲೇ ಹೊಳೆದಿತ್ತು.

ನಮ್ಮ ಮನೆಯಲ್ಲೂ ಆಗಿದ್ದು ಅದೇ. ಮೊದಲ ಸಂಜೆ ಅಪ್ಪ ಜಗುಲಿಯಲ್ಲಿ ಕೂತು ಮೂರು ಸಲ ಊರಿಗೆ ಫೋನ್ ಮಾಡಿದರು: ತ್ರೀಫೇಸ್ ಕರೆಂಟ್ ಎಷ್ಟೊತ್ತಿಗೆ ಬಂತು, ಎಮ್ಮೆ ನೀರು ಕುಡೀತಾ. ಅವ್ವ ಎಂಟಕ್ಕೆಲ್ಲ ಮಲಗಿಬಿಟ್ಟರು. ಮರುದಿನ ಬೆಳಿಗ್ಗೆ ನಾನು ಏಳೋಷ್ಟರಲ್ಲಿ ಅವ್ವ ಅಡುಗೆಮನೆಯಲ್ಲಿದ್ದರು. ಮನೆಯ ಅಮ್ಮ ತೆಂಗಿನಕಾಯಿ ತುರೀತಿದ್ದರು, ಅವ್ವ ನಮ್ಮ ಬುತ್ತಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿಟ್ಟಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತೆ, ಆದರೂ ಮಾತು ನಿಲ್ಲುತ್ತಿಲ್ಲ.

ಅಪ್ಪನನ್ನು ಮನೆಯ ಯಜಮಾನರು ಗಜನಿ ತೋರಿಸೋಕೆ ಕರೆದುಕೊಂಡು ಹೋದರು. ಗಜನಿ ಅಂದ್ರೆ ಅಳಿವೆಯ ಪಕ್ಕದ ತಗ್ಗು ಗದ್ದೆ. ಸಮುದ್ರದ ಉಪ್ಪುನೀರು ಏರಿದಾಗ ಇಲ್ಲಿಗೂ ಬರುತ್ತೆ. ಮಳೆಗಾಲದಲ್ಲಿ ಅದೇ ಗದ್ದೆಯಲ್ಲಿ ‘ಕಗ್ಗ’ ಅನ್ನೋ ಭತ್ತ ಬೆಳೀತಾರೆ. ಉಪ್ಪನ್ನೂ ತಡೆಯುತ್ತೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯಲ್ಲ. ಗೊಬ್ಬರವನ್ನೂ ಕೇಳಲ್ಲ. ಭತ್ತ ಮುಗಿದ ಮೇಲೆ ಅದೇ ನೀರಿನಲ್ಲಿ ಸಿಗಡಿ, ಮೀನು.

ಸವಳು ಹತ್ತಿ ಹಾಳಾದ ಹೊಲಗಳನ್ನು ತುಂಗಭದ್ರಾ ಬಯಲಿನಲ್ಲಿ ನೋಡಿದ ರೈತನಿಗೆ ಇದು ಬೀಚಿಗಿಂತ ದೊಡ್ಡ ದೃಶ್ಯ. ‘ಉಪ್ಪುನೀರಾಗ ನೆಲ್ಲು ಬೆಳೀತಾರಲೇ!’ ಅಂತ ಅಪ್ಪ ಆ ದಿನ ನಾಲ್ಕು ಸಲ ಹೇಳಿರಬೇಕು. ಸಂಜೆ ಊರಿಗೆ ಮಾಡಿದ ಫೋನಿನಲ್ಲಿ ಕರೆಂಟಿನ ವಿಚಾರ ಬರಲೇ ಇಲ್ಲ. ಕಗ್ಗದ್ದೇ ಮಾತು.

ನಮ್ಮ ಸೀಮೆಗೂ ಈ ಅಳಿವೆಗೂ ಇನ್ನೊಂದು ನಂಟಿದೆ. 2024ರ ಜನವರಿಯಲ್ಲಿ ಕರ್ನಾಟಕದ ಮೂರು ಜಾಗಗಳು ಒಟ್ಟಿಗೆ ರಾಮ್‌ಸಾರ್ ಪಟ್ಟಿ ಸೇರಿದವು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ. ಒಂದು ಅಘನಾಶಿನಿ ಅಳಿವೆ, ಇನ್ನೊಂದು ಗದಗ ಜಿಲ್ಲೆಯ ಮಾಗಡಿ ಕೆರೆ, ಮತ್ತೊಂದು ನಮ್ಮ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ. ನಮ್ಮ ಕೆರೆಯ ಹೆಸರಲ್ಲೂ ಸಮುದ್ರ ಇದೆ ಅಂತ ಹೇಳಿದಾಗ ಮನೆಯ ಯಜಮಾನರು ನಕ್ಕರು.

ನಾನು ಹೇಳೋಕೆ ಹೊರಟಿದ್ದು ಇಷ್ಟೇ. ಶಾಂತಿ ನಮಗೆ ಬೇಕಾಗಿದ್ದು, ಅವರಿಗೆ ಬೇಕಾಗಿದ್ದು ಜನ. ನಾಲ್ಕು ಪದಗಳಲ್ಲಿ ಬಿಡದೆ ಹಿಡಿಯಬೇಕಾದ ಪದ ‘ಫ್ಯಾಮಿಲಿ’. ಅದರಲ್ಲಿ ನಮ್ಮ ಫ್ಯಾಮಿಲಿಯ ಜೊತೆಗೆ ಉಳಿಯುವ ಮನೆಯವರ ಫ್ಯಾಮಿಲಿಯೂ ಸೇರಬೇಕು. ಮಾತಾಡಿಸೋರು, ಕೈಗೊಂದು ಕೆಲಸ, ನೋಡೋಕೆ ಒಂದು ಬೆಳೆ ಇರುವ ಜಾಗ ಹುಡುಕಿದರೆ ಅವರು ಅವರ ಪಾಡಿಗೆ ಖುಷಿಯಾಗಿರ್ತಾರೆ. ಆಗ ನಿಮ್ಮ ಮೌನವೂ ನಿಮಗೆ ಸಿಗುತ್ತೆ.

ಹೊಳೆ ಬಲ್ಲವರೇ ಹುಷಾರಾಗಿರಬೇಕು

ಇದನ್ನು ಮಾತ್ರ ಲಘುವಾಗಿ ಓದಬೇಡಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ನಮ್ಮ ಹೊಳೆಯಾಚೆಯ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. ಜಾತ್ರೆಗೆ ಅಂತ ಮಕ್ಕಳನ್ನು ಕಟ್ಟಿಕೊಂಡು ಹೋದ ನಮ್ಮಂಥದೇ ಜನ. ದೋಣಿಗೆ ಎಷ್ಟು ಜನ ಹತ್ತಬೇಕು, ಲೈಫ್ ಜಾಕೆಟ್ ಎಲ್ಲಿ ಅನ್ನೋ ಪ್ರಶ್ನೆಗಳು ಆಮೇಲೆ ಎದ್ದವು. ನಾವು ಆ ಪ್ರಶ್ನೆಗಳನ್ನು ಹತ್ತುವ ಮುಂಚೆ ಕೇಳಬೇಕು. ಎಲ್ಲರಿಗೂ ಜಾಕೆಟ್ ಸಿಗೋವರೆಗೆ, ಅದರ ಬೆಲ್ಟ್ ಹಾಕೋವರೆಗೆ ದೋಣಿ ಹತ್ತಬೇಡಿ. ‘ಸೆಕೆ ಆಗ್ತೈತಿ’ ಅಂತ ಹಿರಿಯರು ಬಿಚ್ಚೋಕೆ ನೋಡ್ತಾರೆ, ಬಿಡಬೇಡಿ.

ತುಂಗಭದ್ರೆಯಲ್ಲಿ ಈಜಿದವರಿಗೆ ‘ನೀರು ನನಗೇನು ಹೊಸದಾ’ ಅನ್ನೋ ಧೈರ್ಯ ಇರುತ್ತೆ. ಆದರೆ ಹೊಳೆ ಒಂದೇ ಕಡೆ ಹರಿಯುತ್ತೆ, ಸಮುದ್ರ ಹಾಗಲ್ಲ. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗೋಕೆ ಕೆಲವೆಡೆ ಒಂದು ಓಣಿ ಮಾಡಿಕೊಳ್ಳುತ್ತೆ. ಅಲ್ಲಿ ಅಲೆ ಒಡೆಯಲ್ಲ, ನೀರು ತಣ್ಣಗಿರುವಂತೆ ಕಾಣುತ್ತೆ. ಮಕ್ಕಳನ್ನು ಆಡಿಸೋಕೆ ಇದೇ ಒಳ್ಳೆ ಜಾಗ ಅನ್ನಿಸುತ್ತೆ. ಆದರೆ ಒಳಗೆ ಎಳೆದುಕೊಂಡು ಹೋಗೋದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ನೇರವಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆ ಓಣಿ ದಾಟಿದ ಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದಿದ್ದರೆ ತೇಲಿಕೊಂಡು ಕೈ ಎತ್ತಿ ಕೂಗಬೇಕು. ಜೀವರಕ್ಷಕರಿಲ್ಲದ ಬೀಚಿನಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯದಿರೋದು ಎಲ್ಲಕ್ಕಿಂತ ಮೇಲು.

ಇನ್ನು ಭರತ-ಇಳಿತ. ಸಮುದ್ರ ದಿನಕ್ಕೆ ಹೆಚ್ಚುಕಡಿಮೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜೋರು. ಇಳಿತದಲ್ಲಿ ನಡೆದು ಹೋದ ಮರಳುದಿಬ್ಬ ಕೆಲವು ಗಂಟೆಗಳಲ್ಲಿ ನೀರಿನಡಿ ಇರಬಹುದು. ಹೋದ ಕೂಡಲೇ ಮನೆಯವರನ್ನು ‘ಇವತ್ತು ಭರತ ಎಷ್ಟೊತ್ತಿಗೆ?’ ಅಂತ ಕೇಳಿಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪದ ಯೋಚನೆಯೇ ಬೇಡ, ಆಗ ಪ್ರವಾಸಿ ದೋಣಿಗಳು ನಿಂತಿರುತ್ತವೆ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಕೇಳಿ

- ಕೊನೆಯ ದೋಣಿ ಎಷ್ಟೊತ್ತಿಗೆ? ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ದಾಟಿಸೋರು ಯಾರು, ಹತ್ತಿರದ ಆಸ್ಪತ್ರೆ ಎಷ್ಟು ದೂರ?
- ದೋಣಿ ಹತ್ತೋಕೆ ಕಟ್ಟೆ, ಮೆಟ್ಟಿಲು ಇದೆಯಾ, ನೀರಿಗಿಳಿದು ಹತ್ತಬೇಕಾ?
- ಕುರ್ಚಿಯಂಥ ಕಮೋಡ್ ಇದೆಯಾ? ರೂಮಿಗೆ ಎಷ್ಟು ಮೆಟ್ಟಿಲು?
- ಮೀನು ಮುಟ್ಟದ ಮನೆಯವರಾದರೆ ಅಡುಗೆ, ಪಾತ್ರೆ ಬೇರೆ ಸಿಗುತ್ತಾ?
- ಕರೆಂಟ್ ಹೋದರೆ ರಾತ್ರಿ ಫ್ಯಾನ್ ತಿರುಗುತ್ತಾ?
- ಮನೆಯವರು ಅಲ್ಲೇ ಇರ್ತಾರಾ, ಕೀ ಕೊಟ್ಟು ಹೋಗ್ತಾರಾ?

ನನ್ನ ಮಟ್ಟಿಗೆ ಕೊನೆಯ ಪ್ರಶ್ನೆಯೇ ಮುಖ್ಯ. ಇದರ ಉತ್ತರ ಕೇಳಿದರೆ ಅಪ್ಪ-ಅವ್ವನ ಎರಡು ದಿನ ಹೇಗಿರುತ್ತೆ ಅಂತ ಗೊತ್ತಾಗುತ್ತೆ.

ಬೆಂಗಳೂರಿನಿಂದ ನೇರ ಹೋಗೋರಿಗೆ ಕಾರವಾರದವರೆಗೆ ರಾತ್ರಿ ರೈಲು ಪಂಚಗಂಗಾ ಇದೆ. ಆದರೆ ನಮ್ಮ ಕಡೆಯವರಿಗೆ ನನ್ನ ಸಲಹೆ ಬೇರೆ. ಮೊದಲು ಊರಿಗೆ ಹೋಗಿ ಒಂದು ರಾತ್ರಿ ಇದ್ದು, ಅಲ್ಲಿಂದ ಎಲ್ಲರೂ ಒಂದೇ ಗಾಡಿಯಲ್ಲಿ ಬೆಳಿಗ್ಗೆ ಹೊರಡಿ. ಶಿರಸಿ ದಾಟಿ ಘಟ್ಟ ಇಳಿಯುವಾಗ ಕಿಟಕಿ ತೆಗೆದಿಡಿ. ಶನಿವಾರ-ಭಾನುವಾರ ಬಿಟ್ಟು ವಾರದ ನಡುವೆ ಎರಡು ದಿನ ರಜೆ ಹಾಕಿದರೆ ರೇಟೂ ಇಳಿಯುತ್ತೆ, ಗದ್ದಲವೂ ಇರಲ್ಲ. ಲ್ಯಾಪ್‌ಟಾಪ್ ಊರಲ್ಲೇ ಬಿಟ್ಟುಹೋಗಿ.

ಈ ರಜೆಗಳನ್ನು ಮುಂದಿನ ವರ್ಷಕ್ಕೆ ಅಂತ ನಾವು ತಳ್ಳುತ್ತಲೇ ಇರ್ತೀವಿ. ನಮ್ಮ ರಜೆ ಮುಂದಿನ ವರ್ಷಕ್ಕೆ ಸೇರುತ್ತೆ, ಅವರ ಮೊಣಕಾಲು ಸೇರಲ್ಲ. ಈ ವರ್ಷ ದೋಣಿಯ ಅಂಚು ಹಿಡಿದು ತಾವೇ ಹತ್ತುವವರು ಇನ್ನೆರಡು ವರ್ಷಕ್ಕೆ ‘ನೀವು ಹೋಗಿ ಬರ್ರಿ’ ಅನ್ನಬಹುದು.

ನಿಮ್ಮ ಮನೆಯ ಹಿರಿಯರು ಮೊದಲ ಸಲ ಸಮುದ್ರ ನೋಡಿದಾಗ ಏನಂದರು? ಬರೆದು ಕಳಿಸಿ. ನಮ್ಮವ್ವ ನೀರನ್ನು ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿಕೊಂಡು, ‘ಖರೇನ ಉಪ್ಪೈತಲ್ಲೋ!’ ಅಂದರು.